ಎಚ್‌ಐವಿಗೆ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿರುವ ತಾಯಿ ಎದೆಹಾಲು ಕೊಡಬಹುದೇ? ಎರಡು ಕಡೆ ಎರಡು ಉತ್ತರ ಸಿಕ್ಕಿದೆ

ಪ್ರಶ್ನೆ: ಎಂಟನೇ ತಿಂಗಳು, ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ಹೆಸರು ಹೇಳದೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಕಾರಣ ಮುಂದೆ ಓದಿದರೆ ತಮಗೇ ತಿಳಿಯುತ್ತದೆ.

ನನಗೀಗ ಎಂಟನೇ ತಿಂಗಳು, ಚೊಚ್ಚಲ ಬಸಿರು. ಮೂರನೇ ತಿಂಗಳಿನಲ್ಲಿ ತಾಯಿ ಕಾರ್ಡ್ ಮಾಡಿಸಲು ಹೋದಾಗ, ಎಲ್ಲ ಗರ್ಭಿಣಿಯರಿಗೂ ಮಾಡುವ ರಕ್ತಪರೀಕ್ಷೆಯಲ್ಲಿ ನನಗೆ ಎಚ್‌ಐವಿ ಇರುವುದು ಗೊತ್ತಾಯಿತು. ನಮ್ಮ ಯಜಮಾನರ ಪರೀಕ್ಷೆ ನೆಗೆಟಿವ್ ಬಂದಿದೆ. ಅವರಿಗೆ ಎಲ್ಲವೂ ಗೊತ್ತು, ಅಂದಿನಿಂದ ಇಂದಿನವರೆಗೆ ಒಂದು ಕಟು ಮಾತನ್ನೂ ಆಡಿದವರಲ್ಲ. ಅದೇ ವಾರದಲ್ಲಿ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಚಿಕಿತ್ಸೆ) ಕೇಂದ್ರದಲ್ಲಿ ಟಿಎಲ್‌ಡಿ ಎಂಬ ಮಾತ್ರೆ ಶುರು ಮಾಡಿದರು. ರಾತ್ರಿ ಒಂಬತ್ತಕ್ಕೆ ಒಂದು ಮಾತ್ರೆ. ಇದುವರೆಗೆ ಒಂದು ದಿನವೂ ತಪ್ಪಿಸಿಲ್ಲ. 32ನೇ ವಾರದಲ್ಲಿ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪರೀಕ್ಷೆ ಮಾಡಿಸಿದಾಗ, ವೈರಸ್ ಪತ್ತೆಯಾಗಿಲ್ಲ ಎಂದು ವರದಿ ಬಂದಿದೆ.

ನನ್ನ ಗೊಂದಲ ಇದು. ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕಿಯವರು, ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿಕೊಳ್ಳಿ, ಆರು ತಿಂಗಳು ಎದೆಹಾಲು ಬಿಟ್ಟು ಒಂದು ಹನಿ ನೀರನ್ನೂ ಕೊಡಬೇಡಿ ಎಂದು ಬಿಡಿಸಿ ಹೇಳಿದ್ದಾರೆ. ಹೆರಿಗೆಗೆಂದು ಹೆಸರು ಬರೆಸಿರುವ ಖಾಸಗಿ ಆಸ್ಪತ್ರೆಯಲ್ಲಿ ಮಾತ್ರ, ನನ್ನ ಫೈಲು ನೋಡಿದ ವೈದ್ಯರು ತಲೆಯೆತ್ತದೆಯೇ, "ಎದೆಹಾಲಿನ ಯೋಚನೆಯೇ ಬೇಡ, ಹಾಲು ಬತ್ತಿಸಲು ಮಾತ್ರೆ ಬರೆದುಕೊಡುತ್ತೇನೆ, ಡಬ್ಬಿ ಹಾಲು ತಂದಿಟ್ಟುಕೊಳ್ಳಿ" ಎಂದರು. ಇಬ್ಬರೂ ಓದಿದವರು. ಯಾರ ಮಾತು ಹಿಡಿಯಲಿ?

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಬಾಣಂತನಕ್ಕೆ ನಾನು ಕುಣಿಗಲ್ ಹತ್ತಿರದ ತವರಿಗೆ ಹೋಗಬೇಕು. ಅಮ್ಮನಿಗಾಗಲಿ ಅಜ್ಜಿಗಾಗಲಿ ಈ ವಿಷಯ ತಿಳಿದಿಲ್ಲ. ನಮ್ಮ ಮನೆಯಲ್ಲಿ ಕೂಸು ಹುಟ್ಟಿದ ದಿನವೇ ಜೇನುತುಪ್ಪ ನೆಕ್ಕಿಸುತ್ತಾರೆ, ಹನ್ನೊಂದು ದಿನ ಕಳೆದ ಮೇಲೆ ಬಜೆ, ಜಾಕಾಯಿ, ಅಳಲೆಕಾಯಿ ತೇಯ್ದು ಒಳಲೆಯಲ್ಲಿ ಕುಡಿಸುತ್ತಾರೆ. ಇದರಿಂದ ಏನಾದರೂ ತೊಂದರೆಯುಂಟೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ನಿವೃತ್ತ ಆಪ್ತಸಮಾಲೋಚಕಿ

ತಂಗಿ, ಮೊದಲು ನಿಮ್ಮ ವರದಿಯ ಬಗ್ಗೆ ಸಂತೋಷಪಡೋಣ. 32ನೇ ವಾರದಲ್ಲಿ ವೈರಸ್ ಪತ್ತೆಯಾಗಿಲ್ಲ ಎಂದರೆ, ಮಗುವನ್ನು ಕಾಪಾಡುವ ಕೆಲಸದ ಬಹುಪಾಲನ್ನು ಐದು ತಿಂಗಳಿಂದ ನೀವಾಗಲೇ ಮಾಡಿ ಮುಗಿಸಿದ್ದೀರಿ ಎಂದು ಅರ್ಥ. ನಾನು ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿಗಳಲ್ಲಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರಗಳಲ್ಲಿ, ಬಹಳ ವರ್ಷ ಕುಳಿತವಳು. ಈ ಪ್ರಶ್ನೆಗೆ ನಾನೇ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದ್ದರಿಂದ ಆ ವೈದ್ಯರ ಮೇಲೆ ನನಗೆ ಕೋಪವಿಲ್ಲ; ಅವರು ಓದಿದ ಕಾಲದ ಉತ್ತರವನ್ನು ಅವರು ಹೇಳಿದ್ದಾರೆ.

ಮಾತ್ರೆಯೂ ಇಲ್ಲದೆ, ಬೇರೆ ಯಾವ ಎಚ್ಚರಿಕೆಯೂ ಇಲ್ಲದೆ ಹೋದರೆ ಎಚ್‌ಐವಿ ಇರುವ ತಾಯಂದಿರ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಕೆಲವರಿಗೆ ಹೊಟ್ಟೆಯಲ್ಲಿರುವಾಗ, ಹೆಚ್ಚಿನವರಿಗೆ ಹೆರಿಗೆಯ ಹೊತ್ತಿನಲ್ಲಿ, ಉಳಿದವರಿಗೆ ಎದೆಹಾಲಿನ ಮೂಲಕ. ಎದೆಹಾಲಿನ ಪಾಲು ಎಷ್ಟು ಎಂಬುದನ್ನು ನೇರವಾಗಿ ಅಳೆದದ್ದು ಕೀನ್ಯಾದ ನೈರೋಬಿಯಲ್ಲಿ ನಡೆದ ಪ್ರಯೋಗ. ಅದು 2000ದಲ್ಲಿ ಪ್ರಕಟವಾಯಿತು. ಎರಡು ವರ್ಷ ತುಂಬುವ ಹೊತ್ತಿಗೆ ಎದೆಹಾಲಿನ ಗುಂಪಿನಲ್ಲಿ ನೂರಕ್ಕೆ 36.7 ಮಕ್ಕಳಿಗೆ, ಡಬ್ಬಿ ಹಾಲಿನ ಗುಂಪಿನಲ್ಲಿ 20.5 ಮಕ್ಕಳಿಗೆ ಸೋಂಕು ಇತ್ತು. ಈ ಅಂಕಿ ನೋಡಿದ ಯಾರೇ ಆದರೂ ಡಬ್ಬಿ ಹಾಲನ್ನೇ ಹೇಳುತ್ತಾರೆ, ನಾವೂ ಹೇಳುತ್ತಿದ್ದೆವು. ಆದರೆ ಅದೇ ಪ್ರಯೋಗದ ಇನ್ನೆರಡು ಸಂಗತಿಗಳನ್ನು ಹೆಚ್ಚು ಜನ ಓದಲಿಲ್ಲ. ಮೊದಲನೆಯದು, ಅಲ್ಲಿನ ತಾಯಂದಿರಲ್ಲಿ ಒಬ್ಬರಿಗೂ ಎಆರ್‌ಟಿ ಇರಲಿಲ್ಲ. ಎರಡನೆಯದು, ಕೊಳಾಯಿ ನೀರಿನ ಸೌಕರ್ಯ ಇದ್ದವರನ್ನೇ ಆರಿಸಿಕೊಂಡಿದ್ದರೂ ಎರಡು ವರ್ಷದೊಳಗೆ ತೀರಿಕೊಂಡ ಮಕ್ಕಳ ಸಂಖ್ಯೆಯಲ್ಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಸೋಂಕಿನಿಂದ ಉಳಿದ ಮಕ್ಕಳನ್ನು ಭೇದಿಯೂ ನ್ಯುಮೋನಿಯಾವೂ ಕಾದು ಕುಳಿತಿದ್ದವು.

ನಿಮ್ಮ ಅಜ್ಜಿಯ ಒಳಲೆಗೆ ಸಂಬಂಧಿಸಿದ್ದು ಇನ್ನೊಂದು ಅಧ್ಯಯನ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನಡೆದದ್ದು, ಪ್ರಕಟವಾದದ್ದು 1999ರಲ್ಲಿ. ಮೂರು ತಿಂಗಳ ಹೊತ್ತಿಗೆ ಎದೆಹಾಲನ್ನಷ್ಟೇ ಕುಡಿದ ಮಕ್ಕಳಲ್ಲಿ ಸೋಂಕು ನೂರಕ್ಕೆ 14.6, ಎದೆಹಾಲನ್ನೇ ಕಾಣದ ಮಕ್ಕಳಲ್ಲಿ 18.8, ಎದೆಹಾಲಿನ ಜೊತೆಗೆ ಬೇರೆ ಹಾಲು, ನೀರು, ಗಂಜಿ ಎಂದು ಬೆರೆಸಿ ಕೊಟ್ಟವರಲ್ಲಿ 24.1. ಆಗಲೂ ಎಆರ್‌ಟಿ ಇರಲಿಲ್ಲ. ಎದೆಹಾಲು ಒಂದೇ ಆಗಿದ್ದಾಗ ಕಡಿಮೆಯಿದ್ದ ಅಪಾಯ, ಬೆರಕೆಯಾದಾಗ ಏಕೆ ಹೆಚ್ಚಿತು? ಎಳೆಯ ಕೂಸಿನ ಕರುಳಿನ ಒಳಪದರ ಬಹಳ ನವುರು. ಎದೆಹಾಲು ಅದನ್ನು ಸವರಿ ಕಾಪಾಡುತ್ತದೆ. ಹೊರಗಿನ ಆಹಾರ ಅದನ್ನು ಕೆರಳಿಸುತ್ತದೆ, ಅದರ ಜೊತೆಗೆ ಬಂದ ರೋಗಾಣುಗಳು ಇನ್ನಷ್ಟು ಕೆಡಿಸುತ್ತವೆ. ಕೆರಳಿದ ಆ ಪದರವನ್ನು ದಾಟುವುದು ವೈರಸ್‌ಗೆ ಸುಲಭ ಎಂಬುದು ತಜ್ಞರು ಕೊಡುವ ವಿವರಣೆ. ನಮ್ಮ ಸಮಾಲೋಚನೆಯಲ್ಲಿ "ಎದೆಹಾಲು ಮಾತ್ರ" ಎನ್ನುವಾಗ "ಮಾತ್ರ" ಎಂಬ ಪದವನ್ನು ಮೂರು ಸಲ ಒತ್ತಿ ಹೇಳುತ್ತಿದ್ದುದು ಇದಕ್ಕೇ.

ನಮ್ಮ ದೇಶದಲ್ಲಿ ತಾಯಿಯಿಂದ ಮಗುವಿಗೆ ಸೋಂಕು ತಡೆಯುವ ಕಾರ್ಯಕ್ರಮ 2002ರಲ್ಲಿ ಶುರುವಾದಾಗ, ಹೆರಿಗೆ ನೋವು ಬಂದಾಗ ತಾಯಿಗೊಂದು ನೆವಿರಪಿನ್ ಎಂಬ ಎಚ್‌ಐವಿ ಔಷಧಿಯ ಮಾತ್ರೆ, ಹುಟ್ಟಿದ ಮಗುವಿಗೆ ಒಂದು ಗುಟುಕು ಸಿರಪ್, ಅಷ್ಟೇ ಇತ್ತು. ಅಂದಿನ ತಾಯಿಗೆ ಎದೆಹಾಲೋ ಡಬ್ಬಿ ಹಾಲೋ ಎಂಬುದು ನಿಜಕ್ಕೂ ಕತ್ತಿಯಂಚಿನ ಪ್ರಶ್ನೆಯಾಗಿತ್ತು. 2014ರ ಜನವರಿಯಿಂದ ಎಚ್‌ಐವಿ ಇರುವ ಪ್ರತಿ ಗರ್ಭಿಣಿಗೂ ಜೀವನಪರ್ಯಂತ ಎಆರ್‌ಟಿ ಕೊಡುವ ನೀತಿ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ತಾಯಿಯ ರಕ್ತದಲ್ಲಿ ವೈರಸ್ ಕುಗ್ಗಿದರೆ ಹಾಲಿನಲ್ಲೂ ಕುಗ್ಗುತ್ತದೆ. ಆಫ್ರಿಕಾದ ಹಲವು ದೇಶಗಳ ಜೊತೆಗೆ ಭಾರತದಲ್ಲೂ ನಡೆದ ಪ್ರಾಮಿಸ್ ಎಂಬ ದೊಡ್ಡ ಅಧ್ಯಯನದಲ್ಲಿ, ತಾಯಿ ಎಆರ್‌ಟಿ ತೆಗೆದುಕೊಂಡರೂ ಅಥವಾ ಹಾಲು ಕುಡಿಯುವಷ್ಟು ಕಾಲ ಮಗುವಿಗೆ ನೆವಿರಪಿನ್ ಕೊಟ್ಟರೂ ಎದೆಹಾಲಿನಿಂದ ಸೋಂಕು ತಗಲಿದ್ದು ವರ್ಷ ತುಂಬುವ ಹೊತ್ತಿಗೆ ನೂರಕ್ಕೆ ಒಂದಕ್ಕಿಂತ ಕಡಿಮೆ ಮಕ್ಕಳಿಗೆ.

ಹೀಗಾಗಿ ನಿಮ್ಮ ಸ್ಥಿತಿಯಲ್ಲಿರುವ ತಾಯಿಗೆ ನಮ್ಮ ರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಆರು ತಿಂಗಳು ಎದೆಹಾಲು ಮಾತ್ರ ಎಂದೇ. ನಿಮ್ಮ ಸಮಾಲೋಚಕಿ ಹೇಳಿದ್ದು ಸರಿಯಾಗಿದೆ.

ಉತ್ತರ 2: ಪೀಣ್ಯದ ಇಬ್ಬರು ಮಕ್ಕಳ ತಾಯಿ

ನಾನು ಎರಡನ್ನೂ ಮಾಡಿ ನೋಡಿದವಳು, ಆದ್ದರಿಂದ ಬರೆಯುತ್ತಿದ್ದೇನೆ.

ದೊಡ್ಡ ಮಗಳು ಹುಟ್ಟಿದಾಗ ಹೆದರಿ ಡಬ್ಬಿ ಹಾಲನ್ನೇ ಆರಿಸಿಕೊಂಡೆ. ಯಾರೂ ಬಲವಂತ ಮಾಡಲಿಲ್ಲ, ಆಯ್ಕೆ ನನ್ನದೇ. ಮಗಳು ಆರೋಗ್ಯವಾಗಿದ್ದಾಳೆ, ಅವಳ ಪರೀಕ್ಷೆಗಳೆಲ್ಲ ನೆಗೆಟಿವ್. ಆ ಆಯ್ಕೆ ತಪ್ಪು ಎಂದು ಇವತ್ತಿಗೂ ಹೇಳುವುದಿಲ್ಲ. ಆದರೆ ಅದರ ದಿನಚರಿ ಏನೆಂಬುದನ್ನು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ನಮ್ಮದು ಎರಡನೇ ಮಹಡಿಯ ಒಂದು ಕೋಣೆಯ ಮನೆ. ಕಾವೇರಿ ನೀರು ವಾರಕ್ಕೆ ಎರಡು ದಿನ, ಉಳಿದ ದಿನ ಟ್ಯಾಂಕರ್. ನೀರನ್ನು ಕುದಿಸಿ, ತೀರ ತಣ್ಣಗಾಗುವ ಮೊದಲೇ, ಪ್ರತಿ 30 ಮಿಲಿಗೆ ತಲೆ ಸವರಿದ ಒಂದು ಚಮಚದಂತೆ ಪುಡಿ ಕಲಸಬೇಕು. ಕಲಸಿದ್ದನ್ನು ಎರಡು ಗಂಟೆಯೊಳಗೆ ಕುಡಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಬಟ್ಟಲು, ಚಮಚ ಪ್ರತಿ ಸಲವೂ ಕುದಿನೀರಿನಲ್ಲಿ. ರಾತ್ರಿ ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ. ಗ್ಯಾಸ್ ಸಿಲಿಂಡರ್ ಇಪ್ಪತ್ತು ದಿನಕ್ಕೇ ಮುಗಿಯುತ್ತಿತ್ತು. ತಿಂಗಳ ಕೊನೆಯಲ್ಲಿ ಒಂದು ಚಮಚ ಹಾಕುವಲ್ಲಿ ಮುಕ್ಕಾಲು ಚಮಚ ಹಾಕಿದ ದಿನಗಳೂ ಉಂಟು. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ. ನಾಲ್ಕನೇ ತಿಂಗಳಿನಲ್ಲಿ ಭೇದಿಯಾಗಿ ಮಗುವನ್ನು ಐದು ದಿನ ಆಸ್ಪತ್ರೆಯಲ್ಲಿ ಇಡಬೇಕಾಯಿತು.

ನೀರಿಗಿಂತ ಹೆಚ್ಚು ಕಾಡಿದ್ದು ಜನರ ಬಾಯಿ. ಬಾಣಂತಿ ಎದೆಗೆ ಹಾಕಿಕೊಳ್ಳುತ್ತಿಲ್ಲ ಎಂದರೆ ನಮ್ಮ ವಠಾರದಲ್ಲಿ ಅದು ಸುದ್ದಿ. ಹಾಲು ಬರುತ್ತಿಲ್ಲ ಎಂದೆ. ಅತ್ತೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ ಎಂದು ದಿನಕ್ಕೊಂದು ಮಾಡಿ ತಿನ್ನಿಸಿದರು. ಪಕ್ಕದ ಮನೆಯವರು, "ಬೇರೇನೋ ಇರಬೇಕು, ಮಾತ್ರೆ ನುಂಗುವುದನ್ನು ನೋಡಿದ್ದೇನೆ" ಎಂದು ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿತ್ತು. ಗುಟ್ಟು ಮುಚ್ಚಲು ಒಂದು ಮಾತ್ರೆಯ ಡಬ್ಬಿಯನ್ನು ಅಡಗಿಸಿದರೆ ಸಾಕಾಗುತ್ತಿತ್ತು; ಹಾಲಿನ ಡಬ್ಬಿಯನ್ನು ಅಡಗಿಸುವುದು ಎಲ್ಲಿ?

ಮಗ ಹುಟ್ಟಿದಾಗ ನನ್ನ ವೈರಲ್ ಲೋಡ್ ಪತ್ತೆಯಾಗದ ಮಟ್ಟಕ್ಕೆ ಬಂದು ಎರಡು ವರ್ಷವಾಗಿತ್ತು. ಎದೆಹಾಲನ್ನೇ ಕೊಟ್ಟೆ, ಆರು ತಿಂಗಳು ಬೇರೇನೂ ಇಲ್ಲ. ಆಮೇಲೆ ರಾಗಿ ಸರಿಯ ಜೊತೆಗೆ ವರ್ಷ ತುಂಬುವವರೆಗೂ ಕೊಟ್ಟೆ. ಮೊದಲ ತಿಂಗಳು ಪ್ರತಿ ಸಲ ಅವನು ಬಾಯಿ ಹಾಕಿದಾಗಲೂ ಎದೆ ಡವಗುಟ್ಟುತ್ತಿತ್ತು. ಆರನೇ ವಾರದ ಪರೀಕ್ಷೆಯ ವರದಿ ಬರುವವರೆಗೆ ನಿದ್ದೆಯಿಲ್ಲ. ಹದಿನೆಂಟನೇ ತಿಂಗಳ ಕೊನೆಯ ಪರೀಕ್ಷೆಯೂ ನೆಗೆಟಿವ್ ಬಂದಾಗ ಇವರು ಇಂದಿರಾನಗರದ ಅಂಗಡಿಯೊಂದರಿಂದ ಒಂದು ಕಿಲೋ ಮೈಸೂರು ಪಾಕ್ ತಂದು ವಠಾರಕ್ಕೆಲ್ಲ ಹಂಚಿದರು. ಏಕೆ ಎಂದು ಕೇಳಿದವರಿಗೆ ಮಗ ನಡೆಯಲು ಶುರು ಮಾಡಿದ ಎಂದೆವು. ಅವನು ನಡೆಯಲು ಕಲಿತು ಆಗಲೇ ಅರ್ಧ ವರ್ಷವಾಗಿತ್ತು.

ಉತ್ತರ 3: ಜಯನಗರದ ಎಂಜಿನಿಯರ್

ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿಲ್ಲ, ಆದರೆ ಮೇಲಿನ ಉತ್ತರಗಳಲ್ಲಿ ಒಂದು ಸಂಗತಿ ತೇಲಿಹೋಗಿದೆ. ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದರೆ ಸೊನ್ನೆ ಅಲ್ಲ. ಡಬ್ಬಿ ಹಾಲಿನಲ್ಲಿ ಎಚ್‌ಐವಿ ಇರಲು ಸಾಧ್ಯವೇ ಇಲ್ಲ. ಅಮೆರಿಕ, ಇಂಗ್ಲೆಂಡಿನಂಥ ದೇಶಗಳು ಬಹಳ ಕಾಲ ಎದೆಹಾಲು ಬೇಡ ಎಂದೇ ಹೇಳುತ್ತಾ ಬಂದಿವೆ. ಪ್ರಶ್ನೆ ಕೇಳಿದವರು ರಾಜಾಜಿನಗರದಲ್ಲಿದ್ದಾರೆ, ಖಾಸಗಿ ಆಸ್ಪತ್ರೆಗೆ ಹೋಗುವ ಶಕ್ತಿಯಿದೆ, ಮನೆಯಲ್ಲಿ ನೀರು ಶುದ್ಧೀಕರಿಸುವ ಯಂತ್ರವೂ ಇರಬಹುದು. ಆಫ್ರಿಕಾದ ಬಡ ಹಳ್ಳಿಯ ಲೆಕ್ಕವನ್ನು ಇವರಿಗೆ ಏಕೆ ಅನ್ವಯಿಸಬೇಕು? ಸರ್ಕಾರ ಬಡವರಿಗೆಂದು ಮಾಡಿದ ನಿಯಮವನ್ನು ಎಲ್ಲರೂ ಪಾಲಿಸಬೇಕೆಂದೇನೂ ಇಲ್ಲವಲ್ಲ.

ಉತ್ತರ 4: ಮಕ್ಕಳ ವೈದ್ಯ, ಬೆಂಗಳೂರು ದಕ್ಷಿಣ

ಮೇಲಿನವರ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲು ಒಪ್ಪಿಕೊಂಡೇ ಮುಂದುವರಿಯುತ್ತೇನೆ. ಹಾಲಿನ ಮೂಲಕ ಹರಡುವ ಅಪಾಯ ಸೊನ್ನೆಯಾಗುವುದು ಎದೆಹಾಲು ಕೊಡದಿದ್ದಾಗ ಮಾತ್ರ. ವೈರಸ್ ಪತ್ತೆಯಾಗದ ಮಟ್ಟದಲ್ಲಿದ್ದರೆ ದಾಂಪತ್ಯದಲ್ಲಿ ಹರಡುವುದಿಲ್ಲ ಎಂದು ಇಂದು ಧೈರ್ಯವಾಗಿ ಹೇಳುತ್ತೇವೆ. ಎದೆಹಾಲಿನ ವಿಷಯದಲ್ಲಿ ಅಷ್ಟೇ ಧೈರ್ಯದಿಂದ ಸೊನ್ನೆ ಎನ್ನುವುದಿಲ್ಲ. ಹಾಲಿನಲ್ಲಿರುವ ಜೀವಕೋಶಗಳ ಒಳಗೆ ಅಡಗಿ ಕುಳಿತ ವೈರಸ್ಸನ್ನು ಮಾತ್ರೆ ಪೂರ್ತಿ ಅಳಿಸಲಾರದು ಎಂಬುದು ಅದಕ್ಕೊಂದು ಕಾರಣ.

ಆದರೆ ಆ ದೇಶಗಳ ಮಾತು ಹಳೆಯದಾಗಿದೆ. ಅಮೆರಿಕದ ರಾಷ್ಟ್ರೀಯ ಮಾರ್ಗಸೂಚಿ 2023ರಲ್ಲಿ ಬದಲಾಯಿತು. ವೈರಸ್ ಹತೋಟಿಯಲ್ಲಿರುವ ತಾಯಿಯ ಜೊತೆ ಕುಳಿತು ಮಾತನಾಡಿ, ಅವಳು ಎದೆಹಾಲನ್ನು ಆರಿಸಿಕೊಂಡರೆ ಬೆಂಬಲಿಸಬೇಕು ಎನ್ನುತ್ತದೆ. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೂ 2024ರಲ್ಲಿ ಅದೇ ದಾರಿಗೆ ಬಂದಿದೆ. ಬ್ರಿಟನ್ ಈಗಲೂ ಡಬ್ಬಿ ಹಾಲನ್ನೇ ಮೊದಲು ಹೇಳುತ್ತದೆಯಾದರೂ ಎದೆಹಾಲು ಕೊಡಲು ಬಯಸುವವರನ್ನು ತಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ, ಎಆರ್‌ಟಿಯಲ್ಲಿರುವ ತಾಯಂದಿರು ಕನಿಷ್ಠ ಹನ್ನೆರಡು ತಿಂಗಳು, ಬಯಸಿದರೆ ಎರಡು ವರ್ಷ ಅಥವಾ ಅದಕ್ಕೂ ಮೇಲೆ ಹಾಲೂಡಿಸಬಹುದು ಎಂದಿತು. ಅದು ಬಡವರ ನಿಯಮವೇನಲ್ಲ.

ಅಪಾಯದ ಲೆಕ್ಕಕ್ಕೆ ಎರಡು ಖಾನೆಗಳುಂಟು. ಒಂದರಲ್ಲಿ ವೈರಸ್, ಇನ್ನೊಂದರಲ್ಲಿ ಭೇದಿ, ನ್ಯುಮೋನಿಯಾ, ಅಪೌಷ್ಟಿಕತೆ. ಒಂದನ್ನಷ್ಟೇ ನೋಡಿದರೆ ಏನಾಗುತ್ತದೆ ಎಂಬುದನ್ನು ಬೋಟ್ಸ್ವಾನಾ ಕಂಡಿದೆ. ಅಲ್ಲಿನ ಸರ್ಕಾರ ಎಚ್‌ಐವಿ ಇರುವ ತಾಯಂದಿರಿಗೆ ಡಬ್ಬಿ ಹಾಲನ್ನು ಉಚಿತವಾಗಿ ಕೊಡುತ್ತಿತ್ತು. ಅದೇನೂ ತೀರ ಬಡ ದೇಶವಲ್ಲ, ಕೊಳಾಯಿ ನೀರೂ ಇತ್ತು. 2006ರ ಆರಂಭದಲ್ಲಿ ಭಾರಿ ಮಳೆ ಬಂದು ನೀರು ಕೆಟ್ಟಿತು. ಭೇದಿ ಹಬ್ಬಿ ನೂರಾರು ಕೂಸುಗಳು ತೀರಿಕೊಂಡವು, ಆಸ್ಪತ್ರೆ ಸೇರಿದವುಗಳಲ್ಲಿ ಹೆಚ್ಚಿನವು ಎದೆಹಾಲು ಕುಡಿಯದ ಕೂಸುಗಳು. ಬೆಂಗಳೂರಿನಲ್ಲಿ ಒಂದು ಜೋರು ಮಳೆಗೆ ಒಳಚರಂಡಿಯ ನೀರು ತಗ್ಗಿನ ಮನೆಗಳ ನೀರಿನ ಸಂಪಿನೊಳಗೆ ನುಗ್ಗುವುದನ್ನು ಪ್ರತಿ ವರ್ಷ ನೋಡುವ ನಾವು ಇದನ್ನು ದೂರದ ಕಥೆ ಎಂದುಕೊಳ್ಳಬಾರದು. ಅಲ್ಲದೆ ಇವರು ಮೊದಲ ತಿಂಗಳುಗಳನ್ನು ಕಳೆಯುವುದು ರಾಜಾಜಿನಗರದಲ್ಲಲ್ಲ, ಕುಣಿಗಲ್ ಕಡೆಯ ಹಳ್ಳಿಯಲ್ಲಿ. ಮೊದಲ ಆರು ತಿಂಗಳಿಗೆ ಒಂದು ಮಗುವಿಗೆ ಸುಮಾರು 20 ಕಿಲೋ ಪುಡಿ ಬೇಕು, ಅಂದರೆ 400 ಗ್ರಾಂನ ಐವತ್ತು ಪೊಟ್ಟಣ. ಅಲ್ಲಿ ಕೊನೆಯ ಪೊಟ್ಟಣ ಮುಗಿದ ರಾತ್ರಿ ಅಂಗಡಿ ಎಷ್ಟು ದೂರ?

ಹಾಗಾದರೆ ಡಬ್ಬಿ ಹಾಲು ಯಾರಿಗೆ? ಮಾತ್ರೆಯನ್ನು ನಿಯಮಿತವಾಗಿ ತೆಗೆದುಕೊಳ್ಳಲು ಆಗದವರಿಗೆ, ಮಾತ್ರೆ ತೆಗೆದುಕೊಂಡರೂ ವೈರಲ್ ಲೋಡ್ ಇಳಿಯದವರಿಗೆ, ತಾಯಿಯೇ ತೀವ್ರವಾಗಿ ಕಾಯಿಲೆ ಬಿದ್ದಾಗ, ತಾಯಿಯೇ ಇಲ್ಲದಾಗ; ಜೊತೆಗೆ, ಎಲ್ಲವನ್ನೂ ತಿಳಿದುಕೊಂಡು ಅದನ್ನೇ ಬಯಸಿ, ಶುದ್ಧವಾಗಿ, ತಪ್ಪದೆ ಆರು ತಿಂಗಳು ನಡೆಸಬಲ್ಲೆ ಎನ್ನುವ ತಾಯಿಗೆ. ಅಂಥವರನ್ನು ಅಪರಾಧಿಯಂತೆ ನೋಡುವುದು ಸಲ್ಲದು. ಮೇಲೆ ಬರೆದ ಪೀಣ್ಯದ ತಾಯಿ ಎರಡು ಸಲವೂ ಒಳ್ಳೆಯ ತಾಯಿಯೇ ಆಗಿದ್ದರು.

ಪ್ರಶ್ನೆ ಕೇಳಿದವರಿಗೆ ನೇರವಾಗಿ ಕೆಲವು ಮಾತು. ಎದೆಹಾಲನ್ನು ಆರಿಸಿಕೊಂಡರೆ ನಿಮ್ಮ ನಿಜವಾದ ಹೊಣೆ ಎದೆಯದಲ್ಲ, ರಾತ್ರಿ ಒಂಬತ್ತರ ಮಾತ್ರೆಯದು. ಬಸಿರಿನಲ್ಲಿ ತಪ್ಪದೆ ನುಂಗಿದ ಎಷ್ಟೋ ಜನ ಬಾಣಂತನದಲ್ಲಿ ತಪ್ಪಿಸುತ್ತಾರೆ. ನಿದ್ದೆಗೆಟ್ಟಿರುತ್ತಾರೆ, ಮನೆ ತುಂಬ ನೆಂಟರಿರುತ್ತಾರೆ, ತವರಿನಲ್ಲಿ ಮಾತ್ರೆ ಮುಗಿದಿರುತ್ತದೆ. ಊರಿಗೆ ಹೊರಡುವ ಮುನ್ನವೇ ಎಆರ್‌ಟಿ ಕೇಂದ್ರದಲ್ಲಿ ಹೇಳಿ, ಕೆಲವು ತಿಂಗಳ ಮಾತ್ರೆಯನ್ನು ಒಟ್ಟಿಗೆ ಪಡೆಯಲು ಸಾಧ್ಯವೇ ಅಥವಾ ತುಮಕೂರು ಕಡೆಯ ಕೇಂದ್ರದಲ್ಲಿ ಪಡೆಯುವ ವ್ಯವಸ್ಥೆಯಾಗುತ್ತದೆಯೇ ಎಂದು ವಿಚಾರಿಸಿ. ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ನಿಮ್ಮ ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಔಷಧಿಯನ್ನು ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಹೊಟ್ಟೆಯಲ್ಲಿ ಹಿಡಿದಿಟ್ಟು ರಕ್ತಕ್ಕೆ ಪೂರ್ತಿಯಾಗಿ ಸೇರಗೊಡುವುದಿಲ್ಲ. ಬರಿ ಹೊಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ನುಂಗಬೇಡಿ. ಟಿಎಲ್‌ಡಿ ನುಂಗಿ ಎರಡು ಗಂಟೆಯಾದ ಮೇಲೆ ಆ ಮಾತ್ರೆ, ಅಥವಾ ಆ ಮಾತ್ರೆ ನುಂಗಿ ಆರು ಗಂಟೆಯಾದ ಮೇಲೆ ಟಿಎಲ್‌ಡಿ. ಬೆಳಗಿನ ತಿಂಡಿಯ ನಂತರ ಕಬ್ಬಿಣ, ಮಧ್ಯಾಹ್ನ ಊಟದ ನಂತರ ಕ್ಯಾಲ್ಸಿಯಂ ಎಂದು ಇಟ್ಟುಕೊಂಡರೆ ನಿಮ್ಮ ಒಂಬತ್ತು ಗಂಟೆಗೆ ಅಡ್ಡಿಯಿಲ್ಲ.

ಮಗುವಿಗೆ ಹುಟ್ಟಿದ ಕೂಡಲೇ ನೆವಿರಪಿನ್ ಸಿರಪ್ ಶುರುವಾಗಬೇಕು; ನಿಮ್ಮಂತೆ ವೈರಸ್ ಹತೋಟಿಯಲ್ಲಿದ್ದರೆ ಸಾಮಾನ್ಯವಾಗಿ ಆರು ವಾರ. ಹೆಚ್ಚು ಅಪಾಯದ ಮಕ್ಕಳಿಗೆ ಎರಡು ಔಷಧಿ, ಎದೆಹಾಲು ಕುಡಿಯುತ್ತಿದ್ದರೆ ಹೆಚ್ಚು ಕಾಲ. ಖಾಸಗಿ ಆಸ್ಪತ್ರೆಯಲ್ಲಿ ಸಿರಪ್ ಇರುತ್ತದೆ ಎಂದು ನಂಬಿ ಕೂರದೆ, ಎಆರ್‌ಟಿ ಕೇಂದ್ರದಿಂದ ಮೊದಲೇ ಪಡೆದಿಟ್ಟುಕೊಳ್ಳುವ ಬಗ್ಗೆ ಕೇಳಿ. ಆರನೇ ವಾರದಲ್ಲಿ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಕಾಗದದ ಮೇಲೆ ಒಣಗಿಸಿ ಕಳುಹಿಸುವ ಪರೀಕ್ಷೆ ಇರುತ್ತದೆ, ಅಂದಿನಿಂದ ಬೇರೆ ಸೋಂಕುಗಳನ್ನು ತಡೆಯುವ ಕೋಟ್ರೈಮಾಕ್ಸಜೋಲ್ ಸಿರಪ್ ಕೂಡ. ಪರೀಕ್ಷೆ ಮತ್ತೆ ಆರನೇ ತಿಂಗಳು, ಹನ್ನೆರಡನೇ ತಿಂಗಳು, ಕೊನೆಯದು ಹದಿನೆಂಟನೇ ತಿಂಗಳು. ಆಗಲೂ ಹಾಲು ಕುಡಿಯುತ್ತಿದ್ದರೆ, ಹಾಲು ಬಿಡಿಸಿ ಮೂರು ತಿಂಗಳಾದ ಮೇಲಿನ ಪರೀಕ್ಷೆಯೇ ಕೊನೆಯ ಮಾತು. ನಡುವೆ ಯಾವುದಾದರೂ ಪ್ರಯೋಗಾಲಯದಲ್ಲಿ ದೊಡ್ಡವರಿಗೆ ಮಾಡುವ ಪರೀಕ್ಷೆಯನ್ನು ಕೂಸಿಗೆ ಮಾಡಿಸಿ ಗಾಬರಿಯಾಗಬೇಡಿ. ತಾಯಿಯ ಪ್ರತಿಕಾಯಗಳು ಹದಿನೆಂಟು ತಿಂಗಳವರೆಗೂ ಮಗುವಿನ ರಕ್ತದಲ್ಲಿ ಉಳಿದಿರಬಹುದಾದ್ದರಿಂದ, ಸೋಂಕಿಲ್ಲದ ಮಗುವಿಗೂ ಅದು ಪಾಸಿಟಿವ್ ತೋರಿಸಬಹುದು.

ಮೊಲೆತೊಟ್ಟು ಒಡೆದು ರಕ್ತ ಬಂದರೆ, ಎದೆ ಕಟ್ಟಿ ಕೆಂಪಾಗಿ ಜ್ವರ ಬಂದರೆ ಆ ಕಡೆಯ ಹಾಲನ್ನು ಹಿಂಡಿ ಚೆಲ್ಲಿ, ಇನ್ನೊಂದು ಕಡೆಯಿಂದ ಕುಡಿಸಿ, ತಡಮಾಡದೆ ವೈದ್ಯರಿಗೆ ತೋರಿಸಿ. ಮಗುವಿನ ಬಾಯಿಯಲ್ಲಿ ಬಿಳಿ ಹುಣ್ಣು ಕಂಡರೂ ಅಷ್ಟೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೈಮುಗಿಯುತ್ತೇನೆ. ಕಬ್ಬಿಣದ ಮಾತ್ರೆಯನ್ನು ನಾನು ರಾತ್ರಿ ಹಾಲಿನ ಜೊತೆ, ಟಿಎಲ್‌ಡಿಯ ಬೆನ್ನಿಗೇ ನುಂಗುತ್ತಿದ್ದೆ. ಇಂದಿನಿಂದ ಬದಲಾಯಿಸಿದ್ದೇನೆ. ಮನಸ್ಸು ಎದೆಹಾಲಿನ ಕಡೆಗೇ ಇದೆ. ಆದರೆ ಅಜ್ಜಿಯನ್ನು ತಡೆಯುವುದು ಹೇಗೆ? ಕಾರಣ ಹೇಳದೆ ಬೇಡ ಎಂದರೆ, "ನಿನ್ನನ್ನು, ನಿಮ್ಮಮ್ಮನನ್ನು ಇದೇ ಬಜೆ ತೇಯ್ದು ಬೆಳೆಸಿದ್ದು" ಎನ್ನುತ್ತಾರೆ. ನಾನು ಸ್ನಾನಕ್ಕೆ ಹೋದಾಗ ನೆಕ್ಕಿಸಿಬಿಟ್ಟರೆ ಎದೆಹಾಲನ್ನು ಅಲ್ಲಿಗೇ ನಿಲ್ಲಿಸಬೇಕೇ?

ಉತ್ತರ 5: ನಿವೃತ್ತ ಆಪ್ತಸಮಾಲೋಚಕಿ

ನಿಲ್ಲಿಸಬೇಡಿ, ತಂಗಿ. ಇದನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಬೆರಕೆ ಬೇಡ ಎಂಬುದು ನಿಯಮ, ಆದರೆ ಅಕಸ್ಮಾತ್ ಒಂದು ದಿನ ಬೆರಕೆಯಾಯಿತು ಎಂಬ ಕಾರಣಕ್ಕೆ, ಎಆರ್‌ಟಿಯಲ್ಲಿರುವ ತಾಯಿ ಎದೆಹಾಲನ್ನು ಬಿಡಿಸಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಮತ್ತೆ ಎದೆಹಾಲಿಗೆ ಮರಳಿ, ಅಷ್ಟೇ.

ಅಜ್ಜಿಯ ವಿಷಯದಲ್ಲಿ ನಾನು ಕಲಿತ ಉಪಾಯ ಒಂದೇ. ಅವರ ಪದ್ಧತಿ ತಪ್ಪೆಂದು ವಾದಿಸಲು ಹೋದರೆ ಸೋಲುತ್ತೀರಿ. ಕೆಲಸವನ್ನು ಅವರ ಕೈಗೇ ಕೊಡಿ. "ಡಾಕ್ಟರು ಆರು ತಿಂಗಳು ಕೂಸಿನ ಬಾಯಿಗೆ ಏನೂ ಹಾಕಬಾರದು ಎಂದಿದ್ದಾರೆ, ಬರುವವರೆಲ್ಲ ಸಕ್ಕರೆ ನೀರು, ಗ್ರೈಪ್ ವಾಟರ್ ಎನ್ನುತ್ತಾರೆ, ಅವರನ್ನು ನೀವೇ ತಡೆಯಬೇಕು ಅಜ್ಜಿ" ಎಂದು ಹೇಳಿನೋಡಿ. ಕಾವಲಿಗೆ ಕುಳಿತ ಅಜ್ಜಿಯನ್ನು ದಾಟಿ ಒಬ್ಬ ನೆಂಟರೂ ಬರಲಾರರು. ಬಜೆಯನ್ನು ಬೇಕಾದರೆ ಕೈಗೆ ಕಟ್ಟಲಿ, ನೆತ್ತಿಗೆ ಎಣ್ಣೆ ಒತ್ತಲಿ, ಹೊಟ್ಟೆಯೊಳಕ್ಕೆ ಮಾತ್ರ ಬೇಡ. ಜೇನುತುಪ್ಪದ ಬಗ್ಗೆ ಎಚ್‌ಐವಿಯ ಮಾತೇ ಎತ್ತಬೇಕಾಗಿಲ್ಲ. ಒಂದು ವರ್ಷದೊಳಗಿನ ಯಾವ ಮಗುವಿಗೂ ಅದು ಕೂಡದು, ಬೊಟುಲಿಸಂ ಎಂಬ ನಂಜಿನ ಭಯವಿದೆ. ಇದನ್ನು ಮಗುವಿನ ಡಿಸ್ಚಾರ್ಜ್ ಚೀಟಿಯಲ್ಲಿ ವೈದ್ಯರ ಕೈಯಲ್ಲೇ ಬರೆಸಿ. ನಮ್ಮ ಹಿರಿಯರಿಗೆ ಬಾಯಿಮಾತಿಗಿಂತ ಚೀಟಿಯ ಮೇಲೆ ನಂಬಿಕೆ ಹೆಚ್ಚು. ನೆವಿರಪಿನ್ ಮತ್ತು ಇತರ ಸಿರಪ್‌ಗಳನ್ನು ಡಾಕ್ಟರು ಬರೆದ ಟಾನಿಕ್ ಎನ್ನಿ, ಬಾಟಲಿಯ ಮೇಲಿನ ಹೆಸರನ್ನು ಯಾರೂ ಓದುವುದಿಲ್ಲ. ಔಷಧಿ ಕೊಡುವುದರಿಂದ "ಎದೆಹಾಲು ಮಾತ್ರ" ಎಂಬ ನಿಯಮಕ್ಕೆ ಭಂಗವೂ ಬರುವುದಿಲ್ಲ.

ನನಗೆ ಅಜ್ಜಿಗಿಂತ ಹೆಚ್ಚು ಚಿಂತೆಯಿರುವುದು ಆಸ್ಪತ್ರೆಯ ಮೊದಲ ಎರಡು ದಿನಗಳದು. ಹಾಲು ಇಳಿಯುವ ಮೊದಲೇ ಮಗು ಅಳುತ್ತಿದೆ ಎಂದು ವಾರ್ಡಿನಲ್ಲಿ ಡಬ್ಬಿ ಹಾಲು ಕುಡಿಸಿಬಿಡುತ್ತಾರೆ. ಹಳದಿ ಬಣ್ಣದ ಮೊದಲ ಹಾಲು ನಾಲ್ಕು ಚಮಚ ಬಂದರೂ ಆ ಹೊತ್ತಿಗೆ ಕೂಸಿನ ಹೊಟ್ಟೆಗೆ ಅದೇ ಸಾಕು ಎಂಬುದನ್ನು ಹೆರಿಗೆಗೆ ಮೊದಲೇ ಮಾತನಾಡಿ, ಯಜಮಾನರೂ ಜೊತೆಯಲ್ಲಿರಲಿ. ಆ ವೈದ್ಯರು ಒಪ್ಪದಿದ್ದರೆ ಹೆರಿಗೆಯನ್ನು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಬದಲಾಯಿಸಲು ಇನ್ನೂ ಸಮಯವಿದೆ. ನಗರದಲ್ಲಿ ಬೌರಿಂಗ್, ವಿಕ್ಟೋರಿಯಾ, ಕೆ.ಸಿ. ಜನರಲ್ ಆಸ್ಪತ್ರೆಗಳಲ್ಲಿ ಎಆರ್‌ಟಿ ಕೇಂದ್ರಗಳಿವೆ. ಮಗುವಿನ ವಿಷಯದಲ್ಲಿ ತೊಡಕು ಬಂದರೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. ನಿಮ್ಮ ಸ್ಥಿತಿಯನ್ನು ನಿಮ್ಮ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಹೇಳುವುದು, ಆ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಅಪರಾಧವೋ ಅಲ್ಲವೋ ಎಂದು ವಾರ್ಡಿನಲ್ಲಿ ನಿಂತು ಚರ್ಚಿಸುವ ಸ್ಥಿತಿ ನಿಮಗೆ ಬಾರದಿರಲಿ. ಆದರೆ ಆ ಕಾಯ್ದೆ ಎರಡನ್ನೂ ನಿಷೇಧಿಸಿದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ ಎಂಬುದು ಗೊತ್ತಿರಲಿ. ಹೆಸರು ಹೇಳದೆ ಮಾತನಾಡಲು 1097 ಎಂಬ ಉಚಿತ ಸಹಾಯವಾಣಿಯೂ ಇದೆ.

ಉತ್ತರ 6: ಹೊಸಬರು, ಯಲಹಂಕ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನಮ್ಮ ಅಕ್ಕನಿಗೆ ಹೆಪಟೈಟಿಸ್ ಬಿ ಇದೆ, ಏಳನೇ ತಿಂಗಳು. ಅವರಿಗೂ ಇದೇ ನಿಯಮವೇ?

ಉತ್ತರ 7: ಮಕ್ಕಳ ವೈದ್ಯ, ಬೆಂಗಳೂರು ದಕ್ಷಿಣ

ಅಲ್ಲ, ಅದರ ದಾರಿ ಬೇರೆ. ಹೆಪಟೈಟಿಸ್ ಬಿ ಹೆಚ್ಚಾಗಿ ಹರಡುವುದು ಹೆರಿಗೆಯ ಹೊತ್ತಿನಲ್ಲಿ, ಎದೆಹಾಲಿನಿಂದಲ್ಲ. ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ, ಸಾಧ್ಯವಾದರೆ 12 ಗಂಟೆಯೊಳಗೆ, ಹೆಪಟೈಟಿಸ್ ಬಿ ಲಸಿಕೆಯೂ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದೂ ಸಿಕ್ಕರೆ ಎದೆಹಾಲನ್ನು ನಿಶ್ಚಿಂತೆಯಿಂದ ಕೊಡಬಹುದು. ಆ ಇಮ್ಯುನೊಗ್ಲಾಬ್ಯುಲಿನ್ ಎಲ್ಲ ಆಸ್ಪತ್ರೆಗಳಲ್ಲೂ ಸಿದ್ಧವಾಗಿರುವುದಿಲ್ಲ, ಬೆಲೆಯೂ ಹೆಚ್ಚು. ಅಕ್ಕನ ಹೆರಿಗೆಯ ದಿನಕ್ಕೆ ಮೊದಲೇ ಅದು ಎಲ್ಲಿ ಸಿಗುತ್ತದೆ ಎಂದು ಖಚಿತಪಡಿಸಿಕೊಳ್ಳಿ. ತಾಯಿಯ ರಕ್ತದಲ್ಲಿ ಆ ವೈರಸ್ ಹೆಚ್ಚಿದ್ದರೆ ಬಸಿರಿನ ಕೊನೆಯ ತಿಂಗಳುಗಳಲ್ಲಿ ಅವರಿಗೂ ಮಾತ್ರೆ ಬೇಕಾಗಬಹುದು, ಆದ್ದರಿಂದ ಆ ಪರೀಕ್ಷೆಯನ್ನು ಈಗಲೇ ಮಾಡಿಸಿ.

ಪ್ರಶ್ನೆ ಕೇಳಿದವರು

ನಿನ್ನೆ ಯಜಮಾನರನ್ನು ಕರೆದುಕೊಂಡು ಎಆರ್‌ಟಿ ಕೇಂದ್ರಕ್ಕೆ ಹೋಗಿದ್ದೆ. ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಲು ಒಪ್ಪಿದ್ದಾರೆ, ಮಗುವಿನ ಸಿರಪ್ಪನ್ನು 37ನೇ ವಾರದಲ್ಲಿ ಬಂದು ಪಡೆಯಲು ಹೇಳಿದ್ದಾರೆ. ಖಾಸಗಿ ಆಸ್ಪತ್ರೆಯ ವೈದ್ಯರಿಗೆ ಆಪ್ತಸಮಾಲೋಚಕಿಯವರೇ ಒಂದು ಪತ್ರ ಬರೆದುಕೊಟ್ಟರು. ಅವರು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ನಿಮ್ಮ ಇಷ್ಟ, ಆದರೆ ಮಾತ್ರೆ ತಪ್ಪಿಸಬೇಡಿ" ಎಂದರು. ಹಾಲು ಬತ್ತಿಸುವ ಮಾತ್ರೆಯ ಸಾಲನ್ನು ನನ್ನ ಎದುರಿಗೇ ಹೊಡೆದುಹಾಕಿದರು.

ಅಜ್ಜಿಗೆ ಫೋನಿನಲ್ಲಿ ಕಾವಲಿನ ಮಾತು ಹೇಳಿದೆ. ಗ್ರೈಪ್ ವಾಟರ್ ಹಿಡಿದು ಬರುವ ಚಿಕ್ಕಮ್ಮನನ್ನು ಬಾಗಿಲಲ್ಲೇ ವಾಪಸು ಕಳುಹಿಸುತ್ತಾರಂತೆ. ಬಜೆಯ ಬಗ್ಗೆ ಇನ್ನೂ ಒಪ್ಪಿಲ್ಲ.